ಕೊಲ್ಹಾಪುರಕ್ಕ ಒಂದು ಜೋಡು ಚಪ್ಪಲಿ ಒಯ್ದದ್ದು

ನಮ್ಮ ಮನಿಯೊಳಗ ಚಲೋ ಆಗ್ಲಿ ಅಂತ ಏನರ ಮಾಡಾಕ ಹೋದ್ರ ಅದು ಉಲ್ಟಾ ಹೊಡಿಯೂದು ಹೊಸಾದೇನಲ್ಲ ಬಿಡ್ರಿ. ಆದ್ರ ಆ ಕರಕುಶಲ ಪ್ರದರ್ಶನಕ್ಕ ಹೋದ ದಿನ ಹೊಡದಂಗ ಮತ್ತ ಯಾವತ್ತೂ ಹೊಡದಿಲ್ಲ.

ಆಗ ಗಡಹಿಂಗ್ಲಜದ ಸಂತ್ಯಾಗ ರಬ್ಬರ್ ಚಪ್ಪಲಿ ಬಂದು, ನಾವು ಹೊಲಿಯೋ ತೊಗಲಿನ ಚಪ್ಪಲಿ ಕೇಳೋರಿಲ್ಲದಂಗ ಆಗಿತ್ತು. ನಮ್ಮ ಮನಿಯವರು, "ಸಾಕಾತು. ತೊಗಲು ಕೊಯ್ಯೋ ಈ ರಂಪಿಗಿ ಅಟ್ಟಕ್ಕ ಒಗದು ಕೊಲ್ಹಾಪುರದ ಫೌಂಡ್ರಿಗೆ ಕೆಲಸಕ್ಕ ಹೋಗತೇನಿ" ಅಂತ ಹಟ ಹಿಡದು ಕುಂತಿದ್ರು. ಫೌಂಡ್ರಿ ಅಂದ್ರ ನನ್ನ ಎದಿ ಧಸಕ್ ಅಂತಿತ್ತು. ನಮ್ಮಣ್ಣನ ಒಂದು ಕಾಲು ಹೋದದ್ದು ಅಂಥಾ ಕಾದ ಕಬ್ಬಿಣದಾಗನ. ನನ್ನ ಪುಣ್ಯಾಕ್ಕ ಅಲ್ಲಿಯ ಮುಕಾದಮ ಒಂದು ಕರಾರು ಹಾಕಿದ್ದ: "ಕಾಲಾಗ ಬೂಟಿದ್ರ ಬಾ, ಇಲ್ಲಂದ್ರ ಗೇಟಿನೊಳಗ ಬಿಡಂಗಿಲ್ಲ." ನಮ್ಮ ಓಣ್ಯಾಗ ಬೂಟು ಹೊಲಿಯೋರೂ ಇಲ್ಲ, ಹಾಕ್ಕೊಳ್ಳೋರೂ ಇಲ್ಲ.

ಅಷ್ಟರಾಗ ಕೊಲ್ಹಾಪುರದಾಗ ಪ್ರದರ್ಶನ ಐತಿ ಅಂತ ಸುದ್ದಿ ಬಂತು. "ಒಂದು ಚಂದನ್ನ ಜೋಡು ಮಾಡ್ರಿ. ಯಾರರ ಆರ್ಡರ್ ಕೊಟ್ರ ಇದೇ ಕೆಲಸ ಮಾಡ್ಕೋತ ಇರೂಣು" ಅಂತ ನಾನೇ ಗಂಟುಬಿದ್ದೆ. ಅವ್ರು ಕರ್ ಕರ್ ಚಪ್ಪಲಿ ಮಾಡಿದ್ರು. ತಳದ ಎರಡು ಪದರಿನ ನಡುವ ಒಣ ಬೀಜ ಇಟ್ಟು ಹೊಲೀತಾರ. ಮೆಟ್ಟಿ ನಡದ್ರ ಹೆಜ್ಜಿಗೊಮ್ಮೆ ಕರ್ ಅಂತೈತಿ. ಯಜಮಾನ ಓಣಿ ತುದಿಗೆ ಬಂದದ್ದು ಅಡಗಿಮನಿಗೆ ಗೊತ್ತಾಗಬೇಕು, ಅದೇ ಅದರ ಗತ್ತು.

೧. ಬಸ್ಸಿನ್ಯಾಗ

ಧೂಳ ಹತ್ತಬಾರ್ದಂತ ಜೋಡನ್ನ ನನ್ನ ಹಳೇ ಇಳಕಲ್ ಸೀರಿ ತುಂಡಿನ್ಯಾಗ ಸುತ್ತಿ ಎದಿಗವಚಿಕೊಂಡು ಬಸ್ಸಿನ್ಯಾಗ ನಿಂತಿದ್ದೆ. ಒಬ್ಬ ಮುದುಕಿ, "ಯವ್ವಾ, ಹಸಗೂಸು ಎತಗೊಂಡು ನಿಂತೀಯಲ್ಲ, ಕುಂದರ್ ಬಾ" ಅಂತ ಎದ್ದು ಜಾಗಾ ಕೊಟ್ಟಳು. ಕಾಲು ಸೋತಿದ್ವು, ಬಾಯಿ ಬಿಡಲಿಲ್ಲ, ಕುಂತೆ.

"ಎಂದ ಆತು?"

"ಮೊನ್ನೆ ಮುಗೀತ್ರಿ."

"ಅಪ್ಪನ್ಹಂಗ ಐತೇನು?"

"ಎಲ್ಲಾ ಅವರದ ಕೈಗುಣರಿ."

ಪಾಪ, ದೃಷ್ಟಿ ತಗೀಬೇಕಂತ ಮುದುಕಿ ಅರಿವಿ ಸರಿಸಿದಳು. ಒಳಗ ಎರಡು ಚಪ್ಪಲಿ! "ಏಳ ಮ್ಯಾಲ!" ಅಂದಳು. ಅಲ್ಲಿಂದ ಕೊಲ್ಹಾಪುರತನಕ ಆಕಿ ಕುಂತಳು, ನಾ ನಿಂತೆ. ನಮ್ಮ ಮನಿಯವರು ನನ್ನ ಗುರುತ ಇಲ್ಲದವರಂಗ ಕಿಟಕ್ಯಾಗ ಕಬ್ಬು ನೋಡ್ಕೋತ ನಿಂತ್ರು.

೨. ಬೆಲ್ಲದ ಮಾರ್ಕೆಟ್ಟಿನ್ಯಾಗ

ಬೆಲ್ಲದ ಮಾರ್ಕೆಟ್ ದಾಟೂಮುಂದ ನಮ್ಮವರ ಕಾಲು ಕರಗಿದ ಬೆಲ್ಲದಾಗ ಸಿಕ್ಕೊಂತು. ಜಗ್ಗಿದ್ರ ಕಾಲು ಬಂತು, ಚಪ್ಪಲಿ ಬರಲಿಲ್ಲ, ಬಾರು ಕಿತ್ತು ಹೋತು. ಅದು ರಬ್ಬರ್ ಚಪ್ಪಲಿ! ಊರಿಗೆಲ್ಲಾ ಹೊಲದ ಮನಶ್ಯಾ ತನಗಂತ ಒಂದು ಜೋಡು ಉಳಿಸಿಕೊಂಡಿರಲಿಲ್ಲ.

"ಹೊಲಕೊಳ್ರಿ" ಅಂದೆ.

"ರಬ್ಬರ್ ಹೊಲ್ಯಾಕ ನಾ ಏನ್ ಪಂಚರ್ ಅಂಗಡಿಯವನೇನು?"

"ಹಂಗಾರ ಗಂಟಿನ್ಯಾಗಿನವು ಮೆಟ್ಟರಿ."

"ನಾ ಮೆಟ್ಟಿದ ಮ್ಯಾಲ ಯಾರು ತಗೋತಾರ?"

ಉರಿಬಿಸಲಾಗ ಬರಿಗಾಲಿಲೆ ಕುಣಕೋತ ಹೊಂಟ್ರು. ನಾಲ್ಕು ಹೆಜ್ಜಿ ಹಿಂದ ನಾನು, ನನಗಿಂತ ಮುಂದ ಬೆಲ್ಲದ ನೊಣ.

೩. ಪ್ರದರ್ಶನದಾಗ

ಮಂಟಪಕ್ಕ ಹೋದ್ರ ನೆಲಕ್ಕೆಲ್ಲಾ ಮೆತ್ತನ್ನ ಜಮಖಾನಿ. ನಮ್ಮ ಎದುರಿಗೇ ಒಂದು ಬೂಟಿನ ಕಂಪನಿ ಅಂಗಡಿ. ಕರಕುಶಲದಾಗ ಕಂಪನಿಗೇನು ಕೆಲಸ ಅಂತ ಕೇಳಿದ್ರ, ಮಂಟಪದ ಖರ್ಚು ಅವರದಂತ.

ಮಧ್ಯಾಹ್ನ ಇಚಲಕರಂಜಿಯ ಒಬ್ಬ ಮಗ್ಗದ ಸಾವಕಾರ ಬಂದ. "ಕರ್ ಅಂದ್ರ ಮಗಳ ಮದುವಿ ಬೀಗರಿಗೆಲ್ಲಾ ಇವನ್ನೇ ಮಾಡಸ್ತೇನಿ" ಅಂದ. ಮೆಟ್ಟಿ ನಡದ. ಜಮಖಾನಿ ಮ್ಯಾಲ ಎಲ್ಲಿ ಕರ್? ಉಸರೂ ಇಲ್ಲ.

"ಹೊರಗ ಫರ್ಸಿ ಕಲ್ಲಿನ ಮ್ಯಾಲ ಬರ್ರಿ ಸಾವಕಾರ್ರ, ಕೇಳಸ್ತೇನಿ" ಅಂತ ನಮ್ಮವರು ಚಪ್ಪಲಿ ಕೈಯಾಗ ಹಿಡಕೊಂಡು ಮುಂದ ಓಡಿದ್ರು. ಗೇಟಿನ ಪಾರೇದವ ಗಪ್ಪನ ರಟ್ಟಿ ಹಿಡದ. "ಬರಿಗಾಲಾಗ ಬಂದು ಚಪ್ಪಲಿ ಹೊತಗೊಂಡು ಹೊಂಟೀಯೇನ್ ಮಗನ?"

"ಇವು ನನ್ನವರಿ!"

"ನಿನ್ನವಾದ್ರ ಕಾಲಾಗ ಯಾಕಿಲ್ಲ?"

ನಾ ಹೋಗಿ ಬಾಯಿ ಮಾಡಿ ಬಿಡಿಸಿಕೊಂಡು ಬರೂದ್ರಾಗ ಸಾವಕಾರ ಎದುರಿನ ಅಂಗಡ್ಯಾಗ ರಬ್ಬರ್ ಚಪ್ಪಲಿ ಕಟ್ಟಿಸಿಕೊಳ್ಳಾಕತ್ತಿದ್ದ.

೪. ಬಹುಮಾನ

ಸಂಜಿಕ ಮುಖ್ಯ ಅತಿಥಿಗಳು ಬಂದ್ರು. ಚಪ್ಪಲಿ ನೋಡಿದ್ರು, ನಮ್ಮವರ ಬರಿಗಾಲು ನೋಡಿದ್ರು, ಕಣ್ಣಾಗ ನೀರು ತಂದ್ರು. ಮೈಕ್ ತರಿಸಿ ಮರಾಠ್ಯಾಗ ಭಾಷಣಾನೇ ಚಾಲೂ ಮಾಡಿದ್ರು. "ಊರಿಗೆಲ್ಲಾ ಜೋಡು ಮಾಡಿಕೊಡೋ ಕಲಾವಿದ ಬರಿಗಾಲಾಗ ನಿಂತಾನ! ಇವನ ಕಲೆಗೆ ಬೆಲೆ ಕಟ್ಟಾಕ ಆಗತೈತೇನು?" ಅಂದು ಜೋಡನ್ನ ತಮ್ಮ ಮೋಟಾರಿನ್ಯಾಗ ಇಡಿಸಿದ್ರು. ಬೆಲೆಯಂತೂ ಕಟ್ಟಲಿಲ್ಲ.

"ಇವತ್ತ ಇವ ಬರಿಗಾಲಾಗ ಮನಿಗೆ ಹೋಗಬಾರ್ದು!" ಅಂದ್ರು. ಚಪ್ಪಾಳಿ ಬಿದ್ವು. ಎದುರಿನ ಕಂಪನಿಯವ ಓಡಿ ಬಂದು ಬಹುಮಾನ ಕೈಗಿಟ್ಟ. ಕರೇದು, ದಪ್ಪಂದು, ಮೂತಿಗೆ ಕಬ್ಬಿಣದ ತಗಡು ಹಾಕಿದ್ದು, ಬೂಟು!

ನಮ್ಮವರು ಬೂಟು ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು. ಯಾವ ಫೌಂಡ್ರಿ ತಪ್ಪಿಸಾಕ ನಾ ಇಲ್ಲಿಗೆ ಎಳಕೊಂಡು ಬಂದಿದ್ನೋ ಅದರ ಬಾಗಲಾ ನಾನೇ ತಗದಂಗ ಆತು. ಅಲ್ಲೇ ಗಳಗಳ ಅತ್ತೆ. ಅತಿಥಿಗಳು ಮೈಕಿನ್ಯಾಗ, "ನೋಡ್ರಿ, ನೋಡ್ರಿ, ಆ ತಾಯಿಗೆ ಆನಂದ ತಡಕೊಳ್ಳಾಕ ಆಗವಲ್ದು!" ಅಂದ್ರು. ಮತ್ತ ಚಪ್ಪಾಳಿ.

೫. ಕರ್ ಕರ್

ಮರುವಾರ ಫೌಂಡ್ರಿಗೆ ಹೋದ್ರು. ಮುಕಾದಮ ಕಾಲು ನೋಡಿದ, "ಬಾ" ಅಂದ, ಅಷ್ಟೇ.

ಮೊದಲನೇ ವಾರದ ಸೂಟಿಗೆ ಮನಿಗೆ ಬಂದವರು ಅಟ್ಟದ ಮ್ಯಾಲಿಂದ ರಂಪಿಗಿ ಇಳಿಸಿದ್ರು. ಮನಸ ಬದಲಾತೋ ಏನೋ ಅಂತ ನಾ ಹಿಗ್ಗಿಲೆ ಚಹಾ ಇಟ್ಟೆ. ಬಂದು ನೋಡಿದ್ರ ಕಂಪನಿ ಬೂಟಿನ ತಳ ಬಿಚ್ಚಿ ಬೀಜ ಇಟ್ಟು ಹೊಲ್ಯಾಕತ್ತಾರ!

"ಇದ್ಯಾಕ್ರಿ ಬೇಕಾಗಿತ್ತು?" ಅಂದೆ.

"ನಿನಗ ಕೇಳ್ಲಿ ಅಂತ."

ಈಗ ಫೌಂಡ್ರ್ಯಾಗ ಎಲ್ಲಾರೂ ಕದ್ದು ಚಹಾಕ್ಕ ಹೋಗತಾರ, ಸಿಕ್ಕೊಳ್ಳಾವ್ರು ಮಾತ್ರ ನಮ್ಮವರೊಬ್ರೇ. ಸಪ್ಪಳ ತಗಸು ಅಂತ ಮುಕಾದಮ ಬೈತಾನ. "ಹೊಲಿಗಿ ಭಾಳ ಗಟ್ಟಿ ಐತ್ರಿ, ಬಿಚ್ಚಾಕ ಬರಂಗಿಲ್ಲ" ಅಂತ ಇವರು ಅಂತಾರ.

ವಾರಕ್ಕೊಮ್ಮೆ ಸಂಜಿಕ ನಾ ಬಾಗಲಾಗ ಕುಂತಿರತೇನಿ. ಓಣಿ ತುದಿಗೆ ಕರ್ ಅಂತೈತಿ. ಒಂದು ಕಾಲು ಬಂತು. ಇನ್ನೊಂದು ಕರ್ ಕೇಳೂತನಕ ಉಸರು ಬಿಡಂಗಿಲ್ಲ. ಆಮ್ಯಾಲ ಎದ್ದು ರೊಟ್ಟಿ ಬಡ್ಯಾಕ ಹೋಗತೇನಿ.