ನೀರು ಬಂದಾವೇನ್ರಿ?

ಕೈಯಾಗ ನಕ್ಷಾ ಹಿಡಕೊಂಡು ಹಳ್ಳಿಗೆ ಹೋದವನಿಗೆ ನಗಿ ಪುಕ್ಕಟೆ ಸಿಗ್ತದ. ಕೃಷ್ಣಾ ಕೊಳ್ಳದಾಗ ಇನ್ನೂ ಎಷ್ಟು ಹೊಲಕ್ಕ ನೀರು ಕೊಡಬಹುದು ಅಂತ ಯಾದಗಿರಿ, ಶಹಾಪುರ, ಸುರಪುರ ಸುತ್ತಾಡಿ ಬರಕೊಳ್ಳೋದು ನನ್ನ ಕೆಲಸ.

೧. ಪೂರಾ ಒಣ ಬೇಸಾಯ

ಶಿರವಾಳದ ಕಡೆ ಒಬ್ಬ ರೈತ ನನ್ನನ್ನ ನೀರಿನ ಕರ ಹಾಕಾಕ ಬಂದಾವ ಅಂತ ತಿಳಕೊಂಡ. "ಹನಿ ನೀರಿಲ್ರಿ ಸಾಹೇಬ್ರ, ಪೂರಾ ಒಣ ಬೇಸಾಯ" ಅಂದ. ಮೊಣಕಾಲತನಕ ಕೆಸರಾಗ ನಿಂತು, ಕೈಯಾಗ ಭತ್ತದ ಸಸಿ ಹಿಡಕೊಂಡೇ ಹೇಳಿದ.

"ಮತ್ತ ಈ ಕೆಸರು?"

"ನಿನ್ನಿ ಮಳಿ ಬಂತ್ರಿ."

"ಬಾಜೂ ಹೊಲ ಒಣಗೇದಲ್ಲೋ ಮಾರಾಯಾ?"

ಆಕಡೆ ಈಕಡೆ ನೋಡಿದ. "ಅವರ ಹೊಲಕ್ಕ ಬರಲಿಲ್ರಿ."

೨. ಎಲ್ಲಿಂದ ಒಯ್ಯೋದು?

ಕೊಂಕಲ್ ಹತ್ರ ಹೊಸ ಕಾಲುವಿ ಎಲ್ಲಿಂದ ಹೋಗಬೇಕು ಅಂತ ಕೇಳಿದೆ. ಎಲ್ಲಾರಿಗೂ ನೀರು ಬೇಕು, ಕಾಲುವಿ ಮಾತ್ರ ಬಾಜೂದವನ ಹೊಲದಾಗ ಹೋಗಬೇಕು. ಅವರು ಹೇಳಿದಂಗ ಗೆರಿ ಹಾಕ್ಕೋತ ಹೋದ್ರ ಕಾಲುವಿ ಊರೆಲ್ಲಾ ಸುತ್ತಿ ಚಹಾದಂಗಡಿ ಒಳಗ ಹೋಗಿ ನಿಂತಿತು. ಅಂಗಡಿ ಚಾಚಾ ನಕ್ಷಾ ನೋಡಿ, "ಬರ್ಲಿ ಬಿಡ್ರಿ, ಕಪ್ಪು ತೊಳಿಯಾಕ ಆಗ್ತದ" ಅಂದ್ರು.

೩. ಕಟ್ಟಕಡೀ ಊರು

ಸುರಪುರದ ಆಚೆ, ಕಾಲುವಿ ಮುಗಿಯೋ ಊರಾಗ ಒಬ್ಬಾಕಿ ಮುದುಕಿ. ಆಕಿ ಹೊಲ ದಾಖಲೆಯೊಳಗ 'ನೀರಾವರಿ' ಅಂತ ಅದ, ಖರೇ ಅಂದ್ರ ಒಂದು ಹನಿ ಮುಟ್ಟಿಲ್ಲ. ದಾಖಲೆ ತಿದ್ದದಿದ್ರ ಹೊಸ ಯೋಜನ್ಯಾಗ ಆಕಿ ಹೊಲ ಲೆಕ್ಕಕ್ಕೇ ಬರೂದಿಲ್ಲ. ನಮ್ಮ ದೊಡ್ಡ ಸಾಹೇಬ್ರನ್ನ, "ಕಣ್ಣಾರೆ ನೋಡಬರ್ರಿ" ಅಂತ ಕರಕೊಂಡು ಹೋದೆ.

ಹೋಗಿ ನೋಡ್ತೀನಿ, ಕಾಲುವಿ ದಂಡಿತನಕ ನೀರು! ಸಾಹೇಬ್ರು ಬರ್ತಾರಂತ ಗೇಟ್ ಕಾಯೋವ ಮರ್ಯಾದಿಗೆ ಮ್ಯಾಲಿನ ಊರಿನ ಗೇಟೆಲ್ಲಾ ಮುಚ್ಚಿ ನೀರು ಇತ್ತ ಬಿಟ್ಟಿದ್ದ.

"ನೀರು ಬಂದಾವಲ್ರೀ" ಅಂತ ಸಾಹೇಬ್ರು 'ನೀರಾವರಿ' ಖಾಯಂ ಮಾಡಾಕ ಪೆನ್ ತಗದ್ರು.

ಅಷ್ಟರಾಗ ಮುದುಕಿ ಕಾಲುವಿಗುಂಟ ಓಡಿ ಬಂದ್ಲು. "ಯವ್ವಾ, ನನ್ನ ಕುಳ್ಳು! ಯಾವ ಮೂಳ ನೀರು ಬಿಟ್ಟಾನ?"

ನೀರಿನ ಮ್ಯಾಲ ಸಾಲಾಗಿ ಸೆಗಣಿ ಕುಳ್ಳು ತೇಲಾಕತ್ತಿದ್ದವು. ಹಿಂದ ಒಂದು ಹಗ್ಗದ ಹೊರಸು.

ಸಾಹೇಬ್ರು ದಂಗಾದ್ರು. "ಕಾಲುವ್ಯಾಗ ಯಾರರ ಕುಳ್ಳು ಒಣಗಸ್ತಾರೇನವಾ?"

"ಕಟ್ಟಿದಾಗಿಂದ ಇಲ್ಲೇ ಒಣಗಸ್ತೀನಿ ಎಪ್ಪಾ. ಊರಾಗ ಇದರಷ್ಟು ಒಣಾ ಜಾಗ ಮತ್ತೊಂದಿಲ್ಲ! ಮಧ್ಯಾಹ್ನ ಹೊರಸು ಹಾಕ್ಕೊಂಡು ಮಲಗೋದೂ ಇಲ್ಲೇ."

ಸಾಹೇಬ್ರು 'ನೀರಾವರಿ' ಹೊಡದು ಹಾಕಿ, ಕೆಳಗ ಉದ್ದಕ ಬರಿಯಾಕ ಶುರು ಮಾಡಿದ್ರು. ನನಗ ಕುಣೀಬೇಕು ಅನಿಸಿತು. ಮುದುಕಿ ಮಾತ್ರ ಅವರ ತೋಳು ಹಿಡದು ಜಗ್ಗಿದ್ಲು:

"ಬರಿಯೋದು ಆಮ್ಯಾಲ ಆಗ್ತದ, ಮದಲ ಇಳದು ಹೊರಸು ಹಿಡೀರಿ!"