ಕಂಪ್ಯೂಟರ್ ಕಡೆದ ಸ್ಟ್ಯಾಂಡು

ಪೈಪು ಸಾಲಲಿಲ್ಲ; ಎಲ್ಲ ಎಡವಟ್ಟಿಗೂ ಅದೇ ಮೂಲ. ನ್ಯಾಮತಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಸಿದ್ದಲಿಂಗೇಶ್, ಕಸ್ತೂರಮ್ಮನವರ ನೀರಿನ ಟ್ಯಾಂಕಿಗೆ ಸ್ಟ್ಯಾಂಡು ಮಾಡಿಕೊಡಲು ಒಪ್ಪಿದ್ದ. ಸಂಜೆ ನಲ್ಲಿಗೆ ನೀರು ಬರುವುದರೊಳಗೆ ಟ್ಯಾಂಕು ಮೇಲೇರದಿದ್ದರೆ ಆ ಮನೆಯ ಕೆಲಸ ಇನ್ನು ಅವನಿಗಿಲ್ಲ.

"ಇರೋ ಕಬ್ಬಿಣದಾಗೇ ಆಗತೈತೆ ಮಾಮ," ಎಂದಳು ರಜೆಗೆ ಬಂದಿದ್ದ ಅಕ್ಕನ ಮಗಳು, ಎಂಜಿನಿಯರಿಂಗ್ ಓದುವ ಮೇಘಶ್ರೀ. "ಭಾರ ಎಲ್ಲಿ ಬೀಳತೈತೆ, ಕಾಲು ಎಲ್ಲಿ ಊರತೈತೆ, ಗಾಳಿ ಎಷ್ಟು ತಳ್ಳತೈತೆ, ಅಷ್ಟು ಹೇಳಿದ್ರೆ ಸಾಕು. ಆಕಾರ ಕಂಪ್ಯೂಟರ್ರೇ ಹುಡುಕತೈತೆ."

ಅವನು ಹೇಳಿದ ಅಳತೆಗಳನ್ನು ತುಂಬಿದೊಡನೆ ಅವಳ ಕಂಪ್ಯೂಟರಿನ ಪರದೆಯ ಮೇಲೆ ದಪ್ಪ ದಿಮ್ಮಿಯೊಂದು ಮೂಡಿತು. ಭಾರ ಹೊರದೆ ಸುಮ್ಮನೆ ಕೂತಿದ್ದ ಭಾಗವನ್ನು ಕಂಪ್ಯೂಟರ್ ಗೆದ್ದಲಿನಂತೆ ತುಸುತುಸುವೇ ತಿನ್ನತೊಡಗಿತು. ಪ್ರತಿ ತುತ್ತಿಗೂ ಉಳಿದದ್ದು ಗಟ್ಟಿ ಇದೆಯೇ ಎಂದು ಲೆಕ್ಕ ಹಾಕಿತು. ಕೊನೆಗೆ ಉಳಿದದ್ದು ಮೂರು ಕಾಲು, ಅವುಗಳಿಂದ ಕವಲೊಡೆದ ಕೊಂಬೆಗಳು. ಕೆಲಸಗೇಡಿ ಕಬ್ಬಿಣ ಒಂದು ಬೆರಳಷ್ಟೂ ಇರಲಿಲ್ಲ. ಎಂಥ ಚೆಲುವು! ಸಿದ್ದಲಿಂಗೇಶನ ಮೈ ಜುಮ್ಮೆಂದಿತು.

ಇದ್ದ ಪೈಪನ್ನೇ ಕತ್ತರಿಸಿ, ಬಗ್ಗಿಸಿ, ಬೆಸೆದು, ಮಧ್ಯಾಹ್ನಕ್ಕೆ ಕಸ್ತೂರಮ್ಮನವರ ಅಂಗಳದಲ್ಲಿ ಇಳಿಸಿದ. ಎದುರುಮನೆಯ ಬೆನಕಪ್ಪ ಓಡಿ ಬಂದ.

"ಏನಪ್ಪಾ ಇದು, ಸೊಟ್ಟಗೈತೆ! ಅರ್ಧ ಕಬ್ಬಿಣ ನೀನೇ ನುಂಗಿದ್ಯೋ ಹೆಂಗೆ?"

"ಹತ್ತಿ ನೋಡ್ರಿ."

ಬೆನಕಪ್ಪ ಹತ್ತಿದ. ಅವನ ಹೆಂಡತಿ ಗಾದ್ರಮ್ಮ ಹತ್ತಿದಳು. ದಾರಿಹೋಕರೂ ಚೀಲ ಕೆಳಗಿಟ್ಟು ಹತ್ತಿದರು. ಯಾರೋ ಮೆಕ್ಕೆಜೋಳದ ಮೂಟೆಯನ್ನೂ ಏರಿಸಿದರು. ಸ್ಟ್ಯಾಂಡು ಕಮಕ್ ಕಿಮಕ್ ಎನ್ನಲಿಲ್ಲ. ಈ ಪರೀಕ್ಷೆಯಲ್ಲೇ ಹೊತ್ತು ಇಳಿಯಿತು.

"ಅಬ್ಬಬ್ಬಾ! ನೋಡಾಕೆ ಕಡ್ಡಿ, ಹೊರಾಕೆ ಆನೆ!" ಎಂದು ಬೆನಕಪ್ಪ ಒಪ್ಪಿಕೊಂಡಾಗ ಸಿದ್ದಲಿಂಗೇಶ್ ಉಬ್ಬಿಹೋದ.

ಗದ್ದಲ ಕೇಳಿ ಕಸ್ತೂರಮ್ಮ ಹೊರಬಂದರು. ಸ್ಟ್ಯಾಂಡನ್ನು ಒಂದು ಸುತ್ತು ಬಂದರು. ಒಳಗೆ ಹೋಗಿ ವಿಭೂತಿ ತಂದು ಮೂರೂ ಕಾಲಿಗೆ ಬಳಿದರು. ಪತ್ರೆ ಗಿಡದ ಕುಂಡವನ್ನು ಮೇಲೆ ಕೂರಿಸಿ, ಊದುಬತ್ತಿ ಹಚ್ಚಿ, ಕೈ ಮುಗಿದರು. ಕಾಲಿಟ್ಟು ಹತ್ತಿದ್ದ ಬೆನಕಪ್ಪ ಗಾಬರಿಯಿಂದ ಗಲ್ಲ ಗಲ್ಲ ಬಡಿದುಕೊಂಡ.

"ಅಕ್ಕಾರೆ... ಟ್ಯಾಂಕು?" ಎಂದ ಸಿದ್ದಲಿಂಗೇಶ್.

"ಬಿಡ್ತು ಅನ್ನಪ್ಪಾ! ಇಂಥ ಚೆಂದದ್ದರ ಮೇಲೆ ಟ್ಯಾಂಕು ಇಡಾಕೆ ಮನಸ್ಸಾದ್ರೂ ಹೆಂಗೆ ಬರತೈತೆ? ಇದು ಶಿವನಿಗಾತು."

ಅಷ್ಟರಲ್ಲಿ ನಲ್ಲಿ ಬುಸ್ಸೆಂದು ನೀರು ಕಾರಿತು. ಕಸ್ತೂರಮ್ಮ ಸೊಂಟದ ಮೇಲೆ ಕೈಯಿಟ್ಟರು.

"ನೀರು ಬಂತು ನೋಡು! ಟ್ಯಾಂಕಿನ ಸ್ಟ್ಯಾಂಡು ಎಲ್ಲೈತೆ? ಹೇಳಿದ ಹೊತ್ತಿಗೆ ಕೊಡೋ ಜಾಯಮಾನ ನಿಂದಲ್ಲ ಬಿಡು!"