ಫ್ರೀಜರ್ ಕೆರೆದು ಕಟ್ಟಿದ ಕೋಟೆ

ಸ್ವಲ್ಪ ಹತ್ತಿರ ಬನ್ನಿ. ಇದು ನಮ್ಮೊಳಗೇ ಇರಲಿ, ನನ್ನ ಸೊಸೆಗೂ ಗೊತ್ತಾಗಬಾರದು. ಗಲ್ಫಿನಲ್ಲಿ, ಹಮ್ರಿಯಾದ ನಮ್ಮ ಈ ಹಳೇ ಬಿಲ್ಡಿಂಗಿನಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ಕಣ್ಣು ಮುಚ್ಚಿ ಕೂತರೂ ಕಿವಿ ಉಂಟಲ್ಲ.

ಬಕೆಟ್

ಎದುರು ಫ್ಲ್ಯಾಟಿನವಳು ಉಡುಪಿ ಕಡೆಯವಳು. ರಜೆಯಲ್ಲಿ ಹಿಮ ಬೀಳುವ ದೇಶ ತೋರಿಸುತ್ತೇನೆಂದು ಅವಳ ಗಂಡ ಮಗಳಿಗೆ ಹೇಳಿದ್ದನಂತೆ. ಈಗ ಹೋಗುವುದಿಲ್ಲವಂತೆ. ಬದಲಿಗೆ ಹಿಂದಿನ ಅಂಗಳದಲ್ಲಿ ಹಿಮದ ಕೋಟೆ ಕಟ್ಟಿಕೊಡುವುದಂತೆ, ಈ ಬಿಸಿಲಲ್ಲಿ. ಅಮ್ಮನೇ ಬಕೆಟ್ ಹಿಡಿದು ಬಂದಳು. "ಆಂಟಿ, ನಿಮ್ಮ ಫ್ರೀಜರಿನ ಐಸು ಕೆರೆದುಕೊಳ್ಳಲಾ?"

"ಧಾರಾಳ ಕೆರೆ. ಹಾಗೇ ತಟ್ಟೆಗಳನ್ನೂ ತೊಳೆದುಬಿಡು" ಅಂದೆ.

ಮೇಲಿನ ಮನೆ

ನಾನೂ ಜೊತೆಗೆ ಹೊರಟೆ. ಬೇರೆಯವರ ಫ್ರೀಜರ್ ನೋಡುವ ಭಾಗ್ಯ ದಿನಾ ಸಿಗುತ್ತದಾ? ಮೇಲಿನವರು ಧಾರವಾಡದ ಕಡೆಯವರು, ನಾವು ಮೀನು ಹುರಿದರೆ ಕಿಟಕಿ ಹಾಕುವವರು. ಐಸು ಕೆರೆಯುತ್ತಾ ಹೋದಂತೆ ಒಳಗಿಂದ ಅಂಜಲ್ ಮೀನಿನ ತುಂಡು ಇಣುಕಿತು.

"ಅದು ನಮ್ಮದಲ್ಲರೀ, ಮೊದಲ ಇದ್ದ ಬಾಡಿಗಿಯವ್ರದು" ಅಂದಳು ಆಕೆ.

ಆ ಫ್ರಿಜ್ಜು ಹೋದ ವರ್ಷ ಪೆಟ್ಟಿಗೆ ಸಮೇತ ಹೊಸತಾಗಿ ಬಂದದ್ದು. ಮೆಟ್ಟಿಲಲ್ಲಿ ದಾರಿ ಬಿಟ್ಟವಳು ನಾನೇ.

ಬೆಕ್ಕುಗಳು

ಕೋಟೆ ಮೊಣಕಾಲೆತ್ತರ ಎದ್ದಿತು. ಎಲ್ಲರ ಮನೆಯ ಬಂಗುಡೆ, ಸಿಗಡಿಯ ವಾಸನೆ ಅದರೊಳಗೆ. ಬೀದಿಯ ಬೆಕ್ಕುಗಳೆಲ್ಲ ಬಂದು ಗೋಡೆ ನೆಕ್ಕಿದವು. "ಮಮ್ಮಿ, ದೇ ಆರ್ ಈಟಿಂಗ್ ಮೈ ಫೋರ್ಟ್" ಅಂತ ಹುಡುಗಿಯ ಅಳು. ವಾರದ ನಡುವೆ, ಹಾಡುಹಗಲು, ಅಪ್ಪ ಪೊರಕೆ ಹಿಡಿದು ನಿಂತಿದ್ದ.

"ಎಂತ, ಆಫೀಸಿಲ್ವಾ?" ಕೇಳಿದೆ.

"ಈಗ ಇದೇ ಡ್ಯೂಟಿ ಆಂಟಿ" ಅಂದ.

ದೊಡ್ಡ ಫ್ರೀಜರ್

ಐಸು ಕರಗುತ್ತಾ ಬಂತು. ಅವರದೇ ಡೀಪ್ ಫ್ರೀಜರಿನಲ್ಲಿ ಉಂಟಾ ನೋಡುವ ಅಂತ ನಾನೇ ಒಳಗೆ ಹೋಗಿ ಮುಚ್ಚಳ ಎತ್ತಿದೆ. ಖಾಲಿ. ತೊಳೆದು ಒಣಗಿಸಿ ಇಟ್ಟಿತ್ತು. ನಮ್ಮ ಕಡೆಯವರು ಇಲ್ಲಿ ಡೀಪ್ ಫ್ರೀಜರ್ ಖಾಲಿ ಮಾಡುವುದು ಒಂದೇ ಸಲ, ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಡುವಾಗ.

ಅವಳು ಬಂದು ನನ್ನ ಕೈ ಹಿಡಿದಳು. "ಇವರ ಕೆಲಸ ಹೋಯ್ತು ಆಂಟಿ. ಮಗಳಿಗೆ ಗೊತ್ತಿಲ್ಲ, ನಾನೇ ಮೆಲ್ಲ ಹೇಳಬೇಕು. ದಮ್ಮಯ್ಯ, ಯಾರಿಗೂ ಹೇಳಬೇಡಿ."

ನಾನು ಯಾರಿಗೆ ಹೇಳುವುದು? ಮೇಲಿನವಳಿಗೆ ಹೇಳಿದೆ, ಕೆಳಗಿನ ಅಂಗಡಿಯವನಿಗೆ ಹೇಳಿದೆ, ಅಷ್ಟೇ. ಸಂಜೆಯೊಳಗೆ ಫ್ರಿಜ್ಜು, ಸೋಫಾ ನೋಡುವವರ ಸಾಲು. ಅದರಲ್ಲಿ ಒಬ್ಬಳು ಅಂಗಳಕ್ಕೇ ಹೋಗಿ, ಅಳಿದುಳಿದ ಐಸು ಒಟ್ಟುಮಾಡುತ್ತಿದ್ದ ಹುಡುಗಿಯನ್ನು ಕೇಳಿದಳಂತೆ, "ಊರಿಗೆ ಹೋಗುವಾಗ ನಿನ್ನ ಮಂಚ ನಮಗೇ ಕೊಡ್ತೀಯಾ ಪುಟ್ಟಾ?"

ಮರುದಿನ ಎದುರು ಫ್ಲ್ಯಾಟಿನವಳು ನನ್ನ ಬಾಗಿಲಿಗೆ ಬಂದಳು. ಅಳಲಿಲ್ಲ, ಕೂಗಲಿಲ್ಲ. ಮುಖಕ್ಕೇ ಹೇಳಿದಳು:

"ಸಾಮಾನೆಲ್ಲ ಹೋಯಿತು ಆಂಟಿ. ಮಗಳಿಗೆ ಹೇಗೆ ಹೇಳುವುದು ಅಂತ ನನಗೆ ನಿದ್ದೆ ಇರಲಿಲ್ಲ, ಅದನ್ನೂ ನೀವೇ ಮುಗಿಸಿಕೊಟ್ಟಿರಿ. ಡೀಪ್ ಫ್ರೀಜರ್ ಮಾತ್ರ ಯಾರಿಗೂ ಕೊಟ್ಟಿಲ್ಲ, ನಿಮಗೆ ಅಂತ ಇಟ್ಟಿದ್ದೇನೆ. ನಿಮ್ಮ ಹೊಟ್ಟೆಯಲ್ಲಿ ಒಂದು ಮಾತೂ ಒಂದು ದಿನ ಉಳಿಯುವುದಿಲ್ಲ. ಇನ್ನು ಅದರಲ್ಲಾದರೂ ಇಡಿ."